ಡಬ್ಬಿಯ ಮೇಲಿನ ಬರಹ

ಕಳೆದ ಚಳಿಗಾಲದಲ್ಲಿ ಮದುವೆಯೊಂದರ ನೆಪದಿಂದ ಮೈಸೂರಿನಿಂದ ದೆಹಲಿಗೆ ಬಂದಿಳಿದ ನಮ್ಮ ದೊಡ್ಡಕ್ಕನನ್ನು ಕಂಡು ಮನೆಮಂದಿಯೆಲ್ಲ ಬೆರಗಾದೆವು. ಐವತ್ತೆರಡು ದಾಟಿದ ಆಕೆಯ ಕೆನ್ನೆಯ ಮೇಲಿನ ಕಪ್ಪು ಕಲೆಗಳು ಮಾಯವಾಗಿದ್ದವು. ಕಣ್ಣಂಚಿನ ಗೆರೆಗಳು ಹುಡುಕಿದರಷ್ಟೇ ಕಾಣುತ್ತಿದ್ದವು. ಊಟವಾದ ಮೇಲೆ ಆಕೆಯ ಕೈಚೀಲದಿಂದ ಹೊರಬಂದದ್ದು ಬಂಗಾರದ ಬಣ್ಣದ ಮುಚ್ಚಳದ ಪುಟ್ಟ ಡಬ್ಬಿ. ಪರಿಚಯದವರೊಬ್ಬರು ವಾಟ್ಸಾಪಿನಲ್ಲಿ ಮಾರುತ್ತಾರಂತೆ. ಬೆಲೆ 1,800 ರೂಪಾಯಿ. ಹತ್ತೇ ದಿನಗಳಲ್ಲಿ ಗುಣ ಕಾಣುತ್ತದಂತೆ. ನಾವು ಮರುಮಾತಿಲ್ಲದೆ ನಮಗೊಂದು, ಕಚೇರಿಯ ಗೆಳತಿಯರಿಗೆ ಎರಡು ತರಿಸಲು ಹೇಳಿದೆವು. ಒಂದು ಮೇಜುಪಂಖ ಕೊಳ್ಳುವುದಕ್ಕೂ ಕಡತದ ಮೇಲೆ ನಾಲ್ವರ ಸಹಿ ಬಯಸುವ ನಾವು, ಮುಖಕ್ಕೆ ಹಚ್ಚುವ ವಸ್ತುವಿಗೆ ಯಾರ ಸಹಿಯನ್ನೂ ಬೇಡಲಿಲ್ಲ.

ಫೆಬ್ರವರಿಯಲ್ಲಿ ಅಕ್ಕನ ಡಬ್ಬಿ ಮುಗಿಯಿತು. ಹೊಸದು ಬರುವುದು ಹತ್ತು ದಿನ ತಡವಾಯಿತು. ಅಷ್ಟರಲ್ಲಿ ಮುಖ ಕೆಂಪೇರಿ ಉರಿಯತೊಡಗಿತು. ಕೆನ್ನೆಯ ಮೇಲೆ ಕೆಂಪು ದಾರದಂಥ ಸಣ್ಣ ರಕ್ತನಾಳಗಳು, ಗಲ್ಲದ ತುಂಬ ಮೊಡವೆಯಂಥ ಗುಳ್ಳೆಗಳು. ಬಿಸಿಲಿಗೆ ಮುಖ ಒಡ್ಡುವಂತಿರಲಿಲ್ಲ. ಚರ್ಮವೈದ್ಯರು ಡಬ್ಬಿಯನ್ನು ತಿರುಗಿಸಿ ನೋಡಿ, ಇದರಲ್ಲಿ ಸ್ಟೀರಾಯ್ಡ್ ಇದ್ದಿರಬೇಕು ಎಂದರು. ನಮ್ಮ ಗೆಳತಿಯರಲ್ಲೊಬ್ಬಳು ಅದಾಗಲೇ ಮೂರು ವಾರ ಹಚ್ಚಿಯಾಗಿತ್ತು. ಆಕೆಗೆ ವಿಷಯ ತಿಳಿಸಿ, ನಿಲ್ಲಿಸುವ ಬಗೆಯನ್ನು ವೈದ್ಯರನ್ನೇ ಕೇಳು ಎಂದು ಹೇಳಬೇಕಾಗಿ ಬಂದ ಆ ಸಂಜೆಯ ಮುಜುಗರವೇ ಈ ಬರಹಕ್ಕೆ ಕಾರಣ.

ಸುಕ್ಕು ನಿವಾರಕ ಕ್ರೀಮಿನ ವಿಷಯದಲ್ಲಿ ನಾವೆಲ್ಲ ಎರಡು ಪ್ರಶ್ನೆಗಳನ್ನು ಒಂದಾಗಿ ಬೆರೆಸಿ ಕೇಳುತ್ತೇವೆ. ಇದು ಅಸಲಿಯೇ? ಇದು ಕೆಲಸ ಮಾಡುತ್ತದೆಯೇ? ಅಸಲಿಯಾದದ್ದು ಏನನ್ನೂ ಮಾಡದೇ ಇರಬಹುದು; ಕಾನೂನು ಅದನ್ನು ತಡೆಯುವುದಿಲ್ಲ. ನಕಲಿಯಾದದ್ದು ಬಲು ಚೆನ್ನಾಗಿ ಕೆಲಸ ಮಾಡಿಬಿಡಬಹುದು. ನಾವು ಹೆದರಬೇಕಾದದ್ದು ಅದಕ್ಕೆ. ಹತ್ತೇ ದಿನದಲ್ಲಿ ಹೊಳಪು ಬಂದರೆ ನಾವು ಅದನ್ನು ಕ್ರೀಮು ಅಸಲಿ ಎನ್ನುವುದಕ್ಕೆ ಪುರಾವೆಯೆಂದು ಎಣಿಸುತ್ತೇವೆ. ನಮ್ಮ ಅನುಭವದಲ್ಲಿ ಅದು ಮೊದಲ ಅನುಮಾನಕ್ಕೆ ಆಧಾರವಾಗಬೇಕಿತ್ತು.

ಇದರ ಹಿಂದಿನ ಸಂಗತಿ ಸರಳ. ಸ್ಟೀರಾಯ್ಡ್ ರಕ್ತನಾಳಗಳನ್ನು ಸಂಕುಚಿಸುತ್ತದೆ, ಉರಿಯೂತವನ್ನು ಅಡಗಿಸುತ್ತದೆ, ಬಣ್ಣವನ್ನು ತಿಳಿಯಾಗಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನೇ ತೆಳುವಾಗಿಸುತ್ತದೆ. ಈ ದುರ್ಬಳಕೆಯ ಕಾರಣದಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಬಿಗಿಗೊಳಿಸಿತು. ಪಾದರಸದ ಕಥೆ ಇನ್ನೂ ಕರಾಳ. ಚರ್ಮದ ಕಪ್ಪುವರ್ಣ ಹುಟ್ಟುವುದನ್ನೇ ಅದು ತಡೆಯುತ್ತದೆ, ಜೊತೆಗೆ ಮೈಯೊಳಗೆ ಇಳಿಯುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರವರೆಗೆ ಮೂತ್ರಪಿಂಡದ ಒಂದು ಅಪರೂಪದ ಕಾಯಿಲೆಯನ್ನು 15 ಮಂದಿಯಲ್ಲಿ ಗುರುತಿಸಿದಾಗ, ಅವರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದವರು. ಬೆಳ್ಳಗಾಗಿಸುವ ಕ್ರೀಮೂ ಸುಕ್ಕು ಕಳೆಯುವ ಕ್ರೀಮೂ ಬೇರೆಬೇರೆಯೆಂದು ಯಾರಾದರೂ ಆಕ್ಷೇಪಿಸಬಹುದು. ವಾಟ್ಸಾಪಿನ ಅಂಗಡಿಯಲ್ಲಿ ಒಂದೇ ಡಬ್ಬಿ ಎರಡೂ ಹೆಸರಿನಲ್ಲಿ ಮಾರಾಟವಾಗುತ್ತದೆ.

ಅಸಲಿತನವನ್ನು ತಕ್ಕಮಟ್ಟಿಗೆ ಮನೆಯಲ್ಲೇ ಪರೀಕ್ಷಿಸಬಹುದು. 2020ರ ಪ್ರಸಾಧನ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ‘ಬಿ’ ಅಕ್ಷರದ ಮುಂದೆ ಬ್ಯಾಚ್ ಸಂಖ್ಯೆ, ‘ಎಂ’ ಅಕ್ಷರದ ಮುಂದೆ ತಯಾರಿಕಾ ಪರವಾನಗಿಯ ಸಂಖ್ಯೆ, ಬಳಕೆಯ ಅವಧಿ, ಘಟಕಗಳ ಪಟ್ಟಿ, ಇವೆಲ್ಲ ಅಚ್ಚಾಗಿರಬೇಕು. ವಿದೇಶದ್ದಾದರೆ ಆಮದುದಾರರ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. ಅದೇ ನಿಯಮಗಳು, ಕಣ್ಣಿನ ಪ್ರಸಾಧನಗಳನ್ನು ಬಿಟ್ಟು ಉಳಿದವುಗಳಲ್ಲಿ ತಿಳಿಯದೆ ಬೆರೆತ ಪಾದರಸವೂ ಹತ್ತು ಲಕ್ಷಕ್ಕೆ ಒಂದು ಭಾಗವನ್ನು ಮೀರಕೂಡದೆನ್ನುತ್ತವೆ. ಅಕ್ಕನ ಡಬ್ಬಿಯ ಮೇಲೆ ನಮಗೆ ಓದಲು ಬಾರದ ಲಿಪಿಯ ನಾಲ್ಕು ಸಾಲುಗಳೂ ಒಂದು ಹೂವಿನ ಚಿತ್ರವೂ ಇದ್ದವು, ಅಷ್ಟೆ. ಅಚ್ಚಾದ ಸಂಖ್ಯೆಯನ್ನು ಯಾರು ಬೇಕಾದರೂ ನಕಲು ಮಾಡಬಹುದೆಂಬುದು ನಿಜ; ಹಾಗಾಗಿ ಯಾರಿಂದ ಕೊಂಡೆವೆಂಬುದಕ್ಕೆ ರಸೀದಿಯೂ ಬೇಕು. ಅಂದಹಾಗೆ, ದುಬಾರಿ ಕ್ರೀಮಿನ ಖಾಲಿ ಡಬ್ಬಿಯನ್ನು ಹಾಗೆಯೇ ಗುಜರಿಗೆ ಹಾಕದಿರುವುದು ಒಳ್ಳೆಯದು.

ಎರಡನೆಯ ಪ್ರಶ್ನೆ ಸಂಖ್ಯೆಗಳಿಗೆ ಬಗ್ಗುವುದಿಲ್ಲ. ಅಲ್ಲಿ ಭಾಷೆಯನ್ನು ಓದಬೇಕು. ಇಂಗ್ಲಿಷ್ ಸಾಹಿತ್ಯದ ಎಂ.ಎ. ಪದವಿ ನಮಗೆ ಬದುಕಿನಲ್ಲಿ ನೇರವಾಗಿ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭವಿದು. ಅಸಲಿ ಕಂಪನಿಯ ಡಬ್ಬಿ ‘ಸುಕ್ಕು ಕಡಿಮೆಯಾಗುತ್ತದೆ’ ಎಂದು ಹೇಳುವುದು ಅಪರೂಪ. ‘ಸುಕ್ಕು ಕಡಿಮೆಯಾದಂತೆ ಕಾಣಲು ನೆರವಾಗುತ್ತದೆ’ ಎನ್ನುತ್ತದೆ. ಆ ‘ಕಾಣಲು’ ಮತ್ತು ‘ನೆರವಾಗುತ್ತದೆ’ ಎಂಬ ಪದಗಳು ನಮ್ಮ ಕಡತಗಳ ‘ಪರಿಶೀಲಿಸಬಹುದಾಗಿದೆ’ ಎಂಬುದರ ಸೋದರ ಸಂಬಂಧಿಗಳು. ಯಾವ ಸಾದಾ ಕ್ರೀಮೂ ಚರ್ಮದ ಹೊರಪದರಕ್ಕೆ ತೇವ ತುಂಬಿ ಸಣ್ಣ ಗೆರೆಗಳನ್ನು ಕೆಲವು ಗಂಟೆ ಮರೆಸಬಲ್ಲುದು. ಆ ವಾಕ್ಯ ಸುಳ್ಳಾಗದಿರಲು ಅಷ್ಟೇ ಸಾಕು. ‘ಚರ್ಮತಜ್ಞರಿಂದ ಪರೀಕ್ಷಿತ’ ಎಂಬುದು ಪರೀಕ್ಷೆ ನಡೆಯಿತೆಂದು ಹೇಳುತ್ತದೆ, ಫಲಿತಾಂಶವನ್ನು ಹೇಳುವುದಿಲ್ಲ. ದೊಡ್ಡ ಹೆಸರುಗಳೂ ಗೆರೆ ದಾಟಿದ್ದುಂಟು. ಯೌವನದ ಜೀನುಗಳ ಚಟುವಟಿಕೆ ಹೆಚ್ಚಿಸುತ್ತದೆಂದು ಸಾರಿದ ಲೋರಿಯಲ್ ಕಂಪನಿ, 2014ರಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ ಒಪ್ಪಂದ ಮಾಡಿಕೊಂಡು, ಪುರಾವೆಯಿಲ್ಲದೆ ಅಂಥ ಮಾತಾಡದಿರಲು ಒಪ್ಪಬೇಕಾಯಿತು.

ಹಾಗಾದರೆ ಎಲ್ಲವೂ ಮೋಸವೇ? ಇಲ್ಲ. ಬ್ರಿಟನ್ನಿನ ಬೂಟ್ಸ್ ಕಂಪನಿಯ ಒಂದು ಕ್ರೀಮು 2007ರಲ್ಲಿ ಬಿಬಿಸಿಯ ಕಾರ್ಯಕ್ರಮವೊಂದರಲ್ಲಿ ಹೊಗಳಿಸಿಕೊಂಡದ್ದೇ ತಡ, ಅಂಗಡಿಗಳಲ್ಲಿ ಖಾಲಿಯಾಯಿತು. ಆ ಬಳಿಕ ಮ್ಯಾಂಚೆಸ್ಟರಿನ ಚರ್ಮತಜ್ಞರು ಕಂಪನಿಯ ಹಣದಲ್ಲೇ 60 ಮಂದಿಯ ಮೇಲೆ ಪ್ರಯೋಗ ನಡೆಸಿ 2009ರಲ್ಲಿ ಪ್ರಕಟಿಸಿದರು. ಆರು ತಿಂಗಳು ಹಚ್ಚಿದವರಲ್ಲಿ ಶೇ. 43 ಮಂದಿಯ ಸುಕ್ಕು ಸುಧಾರಿಸಿತ್ತು. ವಿಶೇಷ ಘಟಕಗಳಿಲ್ಲದ ಬರಿಯ ಕ್ರೀಮು ಹಚ್ಚಿದವರಲ್ಲಿಯೂ ಶೇ. 22 ಮಂದಿಗೆ ಸುಧಾರಣೆ ಕಂಡಿತ್ತು! ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಎರಡನೆಯ ಅಂಕಿ. ‘ನನಗಂತೂ ಗುಣ ಕಂಡಿತು’ ಎಂದು ಅಕ್ಕಪಕ್ಕದವರು ಪ್ರಾಮಾಣಿಕವಾಗಿ ಹೇಳುವ ಮಾತಿನ ತೂಕ ಎಷ್ಟೆಂಬುದನ್ನು ಅದು ತೋರಿಸುತ್ತದೆ.

ಹೆಚ್ಚು ಪುರಾವೆಯಿರುವುದು ವಿಟಮಿನ್ ‘ಎ’ ವರ್ಗದ ಟ್ರೆಟಿನಾಯಿನ್‌ಗೆ. ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಇದನ್ನು ಮೊಡವೆಗೆ ಕೊಡುತ್ತಿದ್ದಾಗ, ತಮ್ಮ ಸುಕ್ಕುಗಳೂ ಇಳಿದಿವೆಯೆಂದು ಮಹಿಳೆಯರು ಹೇಳಿದ ಮಾತಿನಿಂದ ಶೋಧ ಶುರುವಾಯಿತು. (ಇದೇ ಮಹನೀಯರು ಕೈದಿಗಳ ಮೇಲೆ ನಡೆಸಿದ ಪ್ರಯೋಗಗಳ ಚರಿತ್ರೆಯನ್ನು ಓದಿದವರಿಗೆ ಈ ಕಥೆ ಅಷ್ಟು ಸಿಹಿಯಾಗಿ ಉಳಿಯುವುದಿಲ್ಲ.) ನಮ್ಮಲ್ಲಿ ಅದಕ್ಕೆ ವೈದ್ಯರ ಚೀಟಿ ಬೇಕು, ಗರ್ಭಿಣಿಯರಿಗೆ ಅದು ಸಲ್ಲದು, ಮೊದಲ ವಾರಗಳಲ್ಲಿ ಮುಖ ಕೆಂಪಾಗಿ ಸಿಪ್ಪೆ ಏಳುತ್ತದೆ, ಗುಣ ತಿಂಗಳುಗಳ ಮೇಲೆ ಬರುತ್ತದೆ. ಅಂಗಡಿಯ ಕ್ರೀಮುಗಳಲ್ಲಿರುವ ರೆಟಿನಾಲ್ ಇದರ ಸೌಮ್ಯ ಸಂಬಂಧಿ. ಗಾಳಿ, ಬೆಳಕಿಗೆ ಕೆಡುವಂಥದ್ದು. ಅಗಲ ಬಾಯಿಯ ಗಾಜಿನ ಡಬ್ಬಿಗಿಂತ ಟ್ಯೂಬು ಲೇಸು. ಇನ್ನು ಕ್ರೀಮಿನೊಳಗಿನ ಕೊಲಾಜೆನ್: ಅದರ ಅಣು ಚರ್ಮವನ್ನು ದಾಟಿ ಒಳಹೋಗಲಾರದಷ್ಟು ದೊಡ್ಡದು. ಅದಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಎಲ್ಲಕ್ಕಿಂತ ಬಲವಾದ ಪುರಾವೆಯೊಂದು ಸುಕ್ಕು ಕ್ರೀಮಿನ ಹೆಸರೇ ಇಲ್ಲದ ವಸ್ತುವಿನದು. 28 ವರ್ಷ ಲಾರಿ ಓಡಿಸಿದ 69ರ ಅಮೆರಿಕನ್ ಚಾಲಕನ ಚಿತ್ರವೊಂದು 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಕಿಟಕಿಯ ಗಾಜಿನ ಮೂಲಕ ಬಿಸಿಲು ತಾಗಿದ ಎಡಗೆನ್ನೆ ಬಲಗೆನ್ನೆಗಿಂತ ಎಷ್ಟೋ ವರ್ಷ ಮುದಿಯಾದಂತಿತ್ತು. ಆಸ್ಟ್ರೇಲಿಯಾದ ನಾಂಬೂರಿನಲ್ಲಿ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿದಾಗ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು ಬೇಕೆನಿಸಿದಾಗ ಮಾತ್ರ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆಯಿತ್ತು. ರಾಮಕೃಷ್ಣಪುರದ ಬಸ್ ನಿಲ್ದಾಣದಲ್ಲಿ ಮೇ ತಿಂಗಳ ಬಿಸಿಲು ತಿನ್ನುವ ನಮ್ಮಂಥವರಿಗೆ ಕೊಡೆಯೊಂದು ಯಾವ ಬಂಗಾರದ ಡಬ್ಬಿಗೂ ಕಡಿಮೆಯಲ್ಲವೆಂದು ನಮಗೆ ತೋರುತ್ತದೆ.

ಮುಪ್ಪನ್ನು ಒಪ್ಪಿಕೊಳ್ಳಿ ಎಂಬ ಉಪದೇಶ ನಮಗೆ ರುಚಿಸದು. ನಲವತ್ತರ ಹೆಂಗಸನ್ನು ಕಂಡೊಡನೆ ‘ಯಾಕೆ ಇಷ್ಟು ಬಾಡಿದ್ದೀ?’ ಎನ್ನುವವರೇ ಆ ಉಪದೇಶವನ್ನೂ ಮಾಡುತ್ತಾರೆ. ಅಕ್ಕನ ಆಸೆಯಲ್ಲಿ ತಪ್ಪಿರಲಿಲ್ಲ. ಆಕೆ ಕೇಳಿದ್ದು ನಾಲ್ಕು ಜನ ಮೆಚ್ಚುವ ಮುಖವನ್ನಷ್ಟೆ.

ಆಕೆಯ ಮುಖ ತಿಳಿಯಾಗಲು ಏಳು ತಿಂಗಳು ಹಿಡಿಯಿತು. ಮೊನ್ನೆ ಭಾನುವಾರ ಫೋನು ಮಾಡಿದಳು. ನಾದಿನಿ ಯಾವುದೋ ಹೊಸ ಸೀರಮ್ ತಂದುಕೊಟ್ಟಿದ್ದಾಳಂತೆ. ಕನ್ನಡಕ ಹಾಕಿಕೊಂಡು ಡಬ್ಬಿ ಓದುತ್ತಿದ್ದಳು. ಬ್ಯಾಚ್ ಸಂಖ್ಯೆ ಸಿಕ್ಕಿತು, ಅವಧಿ ಸಿಕ್ಕಿತು. ‘ಎಂ’ ಅಕ್ಷರವನ್ನು ಹುಡುಕಲು ಸ್ವಲ್ಪ ಹೊತ್ತಾಯಿತು. ನಡುವೆ ನಿಟ್ಟುಸಿರಿಟ್ಟು, ‘ವಿಳಾಸ ಎಲ್ಲೂ ಕಾಣ್ತಾ ಇಲ್ಲ ಕಣೇ, ತಾಳು, ರಟ್ಟಿನ ಪೆಟ್ಟಿಗೆ ಹೊರಗೆ ಬಿಸಾಕಿದೀನಿ, ಹೋಗಿ ತರ್ತೀನಿ’ ಎಂದಳು. ನಾವು ಫೋನು ಹಿಡಿದೇ ಕಾದೆವು.