ಬಿಟ್ಟಿ ಬಿಡಿಸಿದ್ದು ಪ್ಲೇಗೇ?

ಮಧ್ಯಯುಗದ ಯೂರೋಪಿನ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ವಿವರಣೆ ಒಂದಿದೆ. ಪ್ಲೇಗು ಬಂತು, ಜನ ಸತ್ತರು, ಆಳುಗಳಿಗೆ ಬರ ಬಂತು, ಕೂಲಿ ಏರಿತು, ಶತಮಾನಗಳ ಜೀತ ತಾನಾಗಿ ಕಳಚಿಕೊಂಡಿತು. ಲೆಕ್ಕವೇನೋ ಸರಿಯಾಗಿಯೇ ಕಾಣುತ್ತದೆ. ಆದರೆ ಅದರೊಳಗೆ ದುಡಿದ ಜನರೇ ಇಲ್ಲ. ಸಾವು ಅವಕಾಶವನ್ನು ಕೊಟ್ಟಿತು ನಿಜ. ಬಿಡುಗಡೆಯನ್ನು ಪಡೆದುಕೊಂಡವರು ಬದುಕುಳಿದವರು ಎಂಬುದು ನನ್ನ ವಾದ.

1347ರ ಅಕ್ಟೋಬರಿನಲ್ಲಿ ಕಪ್ಪು ಸಮುದ್ರದ ಕಡೆಯಿಂದ ಬಂದ ಜಿನೋವಾದ ಹಡಗುಗಳೊಂದಿಗೆ ಸಿಸಿಲಿಯ ಮೆಸ್ಸಿನಾ ಬಂದರಿಗೆ ಇಳಿದ ರೋಗ ಮರುವರ್ಷವೇ ಇಂಗ್ಲೆಂಡನ್ನು ಮುಟ್ಟಿತು. ಯೂರೋಪಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಹೋದರು. ಅಲ್ಲಿಯವರೆಗೆ ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯುತ್ತಿದ್ದ ಒಕ್ಕಲಿಗೂ ದಿನಗೂಲಿಯವನಿಗೂ ತನ್ನ ದುಡಿಮೆಗೆ ತಾನೇ ಬೆಲೆ ಹೇಳುವ ಗಳಿಗೆ ಬಂತು.

ಆಳುವವರು ಕೈಕಟ್ಟಿ ಕೂರಲಿಲ್ಲ. ಸಾವು ಇನ್ನೂ ನಿಂತಿರದ 1349ರಲ್ಲೇ ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್ ಆಜ್ಞೆ ಹೊರಡಿಸಿದ: ಪ್ಲೇಗಿಗೆ ಮುಂಚಿನ ಕೂಲಿಗಿಂತ ಹೆಚ್ಚು ಯಾರೂ ಕೇಳಕೂಡದು, ಯಾರೂ ಕೊಡಕೂಡದು. 1351ರಲ್ಲಿ ಪಾರ್ಲಿಮೆಂಟು ಅದನ್ನು ಬಿಗಿಗೊಳಿಸಿ ಕಾಯಿದೆ ಮಾಡಿತು. ಇಂದು ಓದಿದರೂ ಮೈ ಉರಿಯುವ ಕಾಯಿದೆ ಅದು. ಪೈರು ಕೊಯ್ಯುವವನಿಗೆ ಆಗಸ್ಟ್ ಮೊದಲ ವಾರ ದಿನಕ್ಕೆ 2 ಪೆನ್ನಿ, ಎರಡನೇ ವಾರದಿಂದ 3. ಅದರ ಮೇಲೆ ಊಟ ಕೇಳುವಂತಿಲ್ಲ. ಕೂಲಿಯವರು ಹತಾರಗಳನ್ನು ಎದ್ದು ಕಾಣುವಂತೆ ಹಿಡಿದು ಪೇಟೆಗೆ ಬಂದು, ಎಲ್ಲರೆದುರು ಕೆಲಸ ಒಪ್ಪಿಕೊಳ್ಳಬೇಕು. ಒಪ್ಪದವರಿಗಾಗಿ ಊರೂರಲ್ಲೂ ಕೋಳ ಸಿದ್ಧವಿರಬೇಕು.

ಜನ ಬಗ್ಗಲಿಲ್ಲ. ಪಕ್ಕದ ಊರಿಗೆ ಹೊರಟುಹೋದರು. ಅಲ್ಲಿ ಬೆಳೆ ನೆಲಕ್ಕುದುರುವುದನ್ನು ನೋಡಲಾರದ ಇನ್ನೊಬ್ಬ ಧಣಿ ಕಾಯಿದೆ ಮರೆತು ಹೆಚ್ಚು ಕೊಟ್ಟ. ಎಸೆಕ್ಸ್ ಸೀಮೆಯೊಂದರಲ್ಲೇ 1352ರಲ್ಲಿ ಸಾವಿರಾರು ಮಂದಿ ಇದಕ್ಕಾಗಿ ದಂಡ ತೆತ್ತರು. ಯಾವ ಚರಿತ್ರೆಯೂ ಹೆಸರಿಟ್ಟು ನೆನೆಯದ ಈ ಸಾವಿರಾರು ಮಂದಿಯೇ ನನ್ನ ದೃಷ್ಟಿಯಲ್ಲಿ ಆ ಶತಮಾನದ ನಾಯಕರು.

ಅದೇ ಎಸೆಕ್ಸಿನಲ್ಲಿ 1381ರಲ್ಲಿ ದಂಗೆ ಎದ್ದಿತು. ತಲೆಗೆ 12 ಪೆನ್ನಿಯ ತೆರಿಗೆ ಅದಕ್ಕೆ ಕಿಡಿ, ಅಷ್ಟೆ. ಹಳ್ಳಿಗಳಲ್ಲಿ ರೈತರು ಧಣಿಗಳ ನ್ಯಾಯಾಲಯದ ಕಡತಗಳನ್ನು ಹುಡುಕಿ ಹುಡುಕಿ ಸುಟ್ಟರು. ಅವರ ಬಿಟ್ಟಿಗೆ ಇದ್ದ ಪುರಾವೆ ಅದೇ. ಸೇಂಟ್ ಆಲ್ಬನ್ಸ್ ಮಠದಲ್ಲಿ ನಡೆದದ್ದನ್ನು ಮರೆಯುವುದು ಕಷ್ಟ. ಊರವರು ಮಠದ ಗಿರಣಿಯಲ್ಲೇ ಕಾಸು ಕೊಟ್ಟು ಕಾಳು ಬೀಸಿಸಬೇಕೆಂಬ ಕಟ್ಟಳೆ ಅಲ್ಲಿತ್ತು. ಸುಮಾರು 50 ವರ್ಷಗಳ ಹಿಂದೆ ಮಠಾಧಿಪತಿ ಮನೆಮನೆಯ ಬೀಸುಕಲ್ಲುಗಳನ್ನು ಕಿತ್ತು ತರಿಸಿ, ಮಠದ ಕೋಣೆಯೊಂದರ ನೆಲಕ್ಕೆ ಹಾಸಿಸಿದ್ದ. ದಂಗೆಯ ದಿನ ಜನ ಒಳನುಗ್ಗಿ ಆ ನೆಲವನ್ನು ಅಗೆದರು, ಕಲ್ಲುಗಳನ್ನು ಒಡೆದರು, ಪ್ರಸಾದದಂತೆ ಒಂದೊಂದು ಚೂರನ್ನು ಹಂಚಿಕೊಂಡರು. ಅಜ್ಜಂದಿರಿಗಾದ ಅವಮಾನ ಮೊಮ್ಮಕ್ಕಳಿಗೆ ನೆನಪಿತ್ತು. ಕೂಲಿಯ ಏರಿಳಿತವೊಂದೇ ಇದನ್ನು ವಿವರಿಸಲಾರದು.

ದಂಗೆಯವರು ಲಂಡನ್ನಿಗೆ ಬಂದಾಗ, ಅದರ ಹೊರವಲಯದ ಮೈಲ್ ಎಂಡಿನಲ್ಲಿ 14 ವರ್ಷದ ದೊರೆ ಎರಡನೇ ರಿಚರ್ಡ್ ಜೀತ ರದ್ದು ಮಾಡುವ ಮಾತು ಕೊಟ್ಟ. ಮರುದಿನ, ಜೂನ್ 15ರಂದು, ಸ್ಮಿತ್‌ಫೀಲ್ಡಿನಲ್ಲಿ ದಂಗೆಯ ಮುಂದಾಳು ವಾಟ್ ಟೈಲರ್ ಹತನಾದ. ಕೆಲವೇ ವಾರಗಳಲ್ಲಿ ದೊರೆ ಕೊಟ್ಟ ಮಾತಿಗೆ ತಪ್ಪಿದ. ದಂಗೆ ಸೋತಿತಲ್ಲ, ಹಾಗಾದರೆ ಜೀತವನ್ನು ಕರಗಿಸಿದ್ದು ಆಳುಗಳ ಕೊರತೆಯೇ ಅಲ್ಲವೇ ಎಂದು ಕೇಳಬಹುದು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಬಿಟ್ಟಿ ದುಡಿಮೆ ನಗದು ಗೇಣಿಯಾಗಿ ಬದಲಾದದ್ದು ಹೆಚ್ಚಾಗಿ ಹಳ್ಳಿಹಳ್ಳಿಯ ಚೌಕಾಸಿಯಿಂದಲೇ, ಕತ್ತಿಯಿಂದಲ್ಲ. ಆದರೆ ಆ ಚೌಕಾಸಿಗೆ ಕೂತ ಧಣಿಗೆ 1381 ನೆನಪಿತ್ತು.

ಕೊರತೆಯೊಂದೇ ಸಾಕಾಗಿದ್ದರೆ ಇಂದಿನ ಸ್ಪೇನಿನ ಕ್ಯಾಟಲೋನಿಯಾದಲ್ಲೂ ಜೀತ ಕರಗಬೇಕಿತ್ತು. ಅಲ್ಲೂ ಪ್ಲೇಗು ಹಳ್ಳಿಗಳನ್ನು ಬರಿದು ಮಾಡಿತ್ತು. ಅಲ್ಲಿಯ ಧಣಿಗಳು ಉಳಿದ ರೈತರನ್ನು ಇನ್ನೂ ಬಿಗಿಯಾಗಿ ನೆಲಕ್ಕೆ ಕಟ್ಟಿಹಾಕಿದರು; ಜಮೀನು ಬಿಟ್ಟು ಹೋಗಬೇಕಾದರೆ ಬಿಡುಗಡೆಯ ಹಣ ತೆರಬೇಕಿತ್ತು. ರೈತರು ಸಂಘಟಿತರಾಗಿ ಎರಡು ಯುದ್ಧಗಳನ್ನೇ ಹೂಡಿದ ಮೇಲೆ, 1486ರಲ್ಲಿ, ದೊರೆ ಫರ್ಡಿನೆಂಡ್ ಗ್ವಾಡಲೂಪೆಯಲ್ಲಿ ತೀರ್ಪಿತ್ತು ಆ ಕಟ್ಟನ್ನು ಬಿಡಿಸಿದ. ಕ್ಯಾಟಲೋನಿಯಾಕ್ಕೆ ಪ್ಲೇಗು ಬಂದು ಆಗಲೇ 138 ವರ್ಷಗಳಾಗಿದ್ದವು.