ದೊಡ್ಡ ದೋಣಿ ಯಾರಿಗೆ ಬೇಕ್ರಿ?

"ತಗೊಳ್ಳೋದು ತಗೋತೀಯ, ದೊಡ್ಡದೇ ತಗೋ. ನಾಳೆ ಕೆಲಸಕ್ಕೆ ಬರುತ್ತೆ." ಮೊಬೈಲಿನಿಂದ ಟ್ರ್ಯಾಕ್ಟರ್‌ವರೆಗೆ ನಮ್ಮ ಕಡೆ ಎಲ್ಲದಕ್ಕೂ ಇದೇ ಉಪದೇಶ. ಈಗ ದೋಣಿಗೂ ಬಂದಿದೆ. ಆಳಂದ ತಾಲ್ಲೂಕಿನ ಮಟಕಿಯಲ್ಲಿರುವ ನನ್ನ ಕಾಕಾನ ಮಗನಿಗೆ ಅಮರ್ಜಾ ಜಲಾಶಯದಲ್ಲಿ ಮೀನು ಹಿಡಿಯೋಕೆ ಅಲ್ಯೂಮಿನಿಯಂ ದೋಣಿ ಬೇಕಂತೆ. 12 ಅಡಿಯದೋ, 16 ಅಡಿಯದೋ? ಕೇಳಿದವರೆಲ್ಲ 16 ಅಂದಿದ್ದಾರೆ. ಅವರಲ್ಲಿ ಒಬ್ಬರೂ ಬಲೆ ಬೀಸಿದವರಲ್ಲ, ಅದು ಬೇರೆ ಮಾತು :)

ಈ 16 ಅಡಿಯ ಹುಚ್ಚು ಬಂದಿದ್ದು ಯೂಟ್ಯೂಬಿನಿಂದ. ಅಮೆರಿಕದವರು ಚಪ್ಪಟೆ ತಳದ ದೋಣಿಯನ್ನ ಟ್ರೇಲರ್ ಮೇಲೆ ಏರಿಸಿ, ಕಾಂಕ್ರೀಟ್ ಇಳಿಜಾರಿನಲ್ಲಿ ಸೀದಾ ನೀರಿಗೆ ಬಿಡ್ತಾರೆ. ನಮ್ಮಲ್ಲಿ? ಬೇಸಿಗೆಯಲ್ಲಿ ಜಲಾಶಯದ ನೀರು ಹಿಂದೆ ಸರಿದಾಗ ದಂಡೆಗೂ ನೀರಿಗೂ ನಡುವೆ ಬರೀ ಕರಿ ಮಣ್ಣಿನ ಕೆಸರು. ಅದರಲ್ಲಿ ದೋಣಿ ಎಳೆಯೋದು ಟ್ರೇಲರ್ ಅಲ್ಲ, ಇಬ್ಬರು ಮನುಷ್ಯರ ಸೊಂಟ. ಒಬ್ಬನೇ ತಲೆ ಮೇಲೆ ಹೊತ್ತು ನಡೆಯುವ ಹರಿಗೋಲು ಇಷ್ಟು ವರ್ಷ ಬಾಳಿದ್ದು ಸುಮ್ಮನೆ ಅಲ್ಲ ಸ್ವಾಮಿ.

"ಸಣ್ಣದು ಭಾರ ತಡೆಯಲ್ಲ" ಅಂತಾರೆ. ಲೆಕ್ಕ ಹಾಕೋಣ. 12 ಅಡಿ ದೋಣಿಯ ಚಪ್ಪಟೆ ತಳ ಅಂದಾಜು ಮೂರೂವರೆ ಚದರ ಮೀಟರ್ ಅನ್ನಿ. ಅದು ಒಂದು ಸೆಂಟಿಮೀಟರ್ ಇಳಿದರೆ 35 ಲೀಟರ್ ನೀರು ಸರಿಸುತ್ತೆ, ಅಂದರೆ 35 ಕೆಜಿ ಹೊರುತ್ತೆ. ದೋಣಿ, ಇಬ್ಬರು ಆಳು, ಬಲೆ, ಕಾಟ್ಲಾ-ರೋಹು ಎಲ್ಲಾ ಸೇರಿ 300 ಕೆಜಿ ಆದರೂ ಮುಳುಗೋದು 9 ಸೆಂಟಿಮೀಟರಿಗಿಂತ ಕಡಿಮೆ. ಆರ್ಕಿಮಿಡೀಸ್ ತಾತ ಸುಳ್ಳು ಹೇಳಲ್ಲ.

ಗಾಳಿ ಎದ್ದಾಗ ದೊಡ್ಡದು ಹೆಚ್ಚು ಸ್ಥಿರ, ಒಪ್ಪಿದೆ. ನಾರಾಯಣಪುರದ ಬಸವಸಾಗರದಂಥ ವಿಶಾಲ ನೀರಾದರೆ ನಾನೂ ದೊಡ್ಡದನ್ನೇ ಹೇಳ್ತಿದ್ದೆ. ಆದರೆ ದೋಣಿ ಮಗುಚದಂತೆ ತಡೆಯೋದು ಉದ್ದಕ್ಕಿಂತ ಅಗಲ. ಉದ್ದ ಎರಡರಷ್ಟಾದರೆ ಆ ಶಕ್ತಿ ಎರಡರಷ್ಟು; ಅಗಲ ಎರಡರಷ್ಟಾದರೆ ಎಂಟರಷ್ಟು. ಹಾಗಾಗಿ ಅಡಿ ಎಷ್ಟು ಅಂತ ಕೇಳೋ ಮೊದಲು ಅಗಲ ಎಷ್ಟು ಅಂತ ಕೇಳ್ರಿ.

ಇನ್ನು ಬ್ರಹ್ಮಾಸ್ತ್ರ: "ಪ್ರವಾಹ ಬಂದರೆ ಜನರನ್ನ ಸಾಗಿಸಬಹುದು." ನನ್ನ ಸಿಟ್ಟು ಇಲ್ಲೇ ಇರೋದು. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿತು. ಉಜನಿಯಲ್ಲಿ ಬಿಟ್ಟ ನೀರು ಸೊನ್ನ ಬ್ಯಾರೇಜಿಗೆ ಒಂದೇ ಕ್ಷಣದಲ್ಲಿ ಬರಲ್ಲ, ದಾರಿಯಲ್ಲಿ ಸಮಯ ತಗೊಳ್ಳುತ್ತೆ. ಆ ಸಮಯದಲ್ಲಿ ಘತ್ತರಗಿಯಂಥ ಹೊಳೆ ದಂಡೆಯ ಊರುಗಳಿಗೆ ಮೋಟಾರ್ ದೋಣಿ, ಲೈಫ್ ಜಾಕೆಟ್, ತರಬೇತಿ ಪಡೆದ ಹುಡುಗರು ಬಂದು ನಿಲ್ಲಬೇಕಾದ್ದು ಸರ್ಕಾರದ ಕೆಲಸ. ಅದನ್ನ ಬಡ ಮೀನುಗಾರನ ಸಾಲದ ಪುಸ್ತಕಕ್ಕೆ ಬರೆಯೋದು ಯಾವ ನ್ಯಾಯ? ಐದು ವರ್ಷಕ್ಕೊಮ್ಮೆ ಬರೋ ನೀರಿಗೆ ಅವನು ತಿಂಗಳು ತಿಂಗಳು ಬಡ್ಡಿ ಕಟ್ಟಬೇಕಾ?

ಒಂದೇ ದೋಣಿ ಎಲ್ಲಾ ಕೆಲಸಕ್ಕೂ ಅನ್ನೋರು ಕೇರಳದ ತಾನೂರನ್ನ ನೆನೆಸಿಕೊಳ್ಳಿ. 2023ರ ಮೇ ತಿಂಗಳಲ್ಲಿ ಅಲ್ಲಿ ಮಗುಚಿ 22 ಜನರನ್ನ ಬಲಿ ತಗೊಂಡ ಪ್ರವಾಸಿ ದೋಣಿ ಮೊದಲು ಮೀನು ಹಿಡಿಯೋ ದೋಣಿಯಾಗಿತ್ತು. ಮಾರ್ಪಾಡು ಮಾಡಿ, ಮಿತಿಮೀರಿ ಜನ ತುಂಬಿದ್ದರು. ಜಾಗ ಕಂಡರೆ ಜನ ಹತ್ತುತ್ತಾರೆ. ಗಾಣಗಾಪುರದ ಸಂಗಮದಲ್ಲಿ ಹುಣ್ಣಿಮೆ ದಿನ ಸೇರೋ ಜಾತ್ರೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನನ್ನ ವಾದ ಇಷ್ಟೇ. ಮೀನುಗಾರನಿಗೆ ಸಣ್ಣ, ಅಗಲವಾದ ದೋಣಿ, ಉಳಿದ ದುಡ್ಡಲ್ಲಿ ಒಳ್ಳೆ ಬಲೆ, ಎರಡು ಲೈಫ್ ಜಾಕೆಟ್. ದೊಡ್ಡ ದೋಣಿ ತಾಲ್ಲೂಕು ಆಡಳಿತಕ್ಕೆ, ಸರ್ಕಾರದ ಖರ್ಚಲ್ಲಿ. ಹನ್ನೆರಡನೇ ಶತಮಾನದಲ್ಲೇ ಅಂಬಿಗರ ಚೌಡಯ್ಯನಂಥ ನಿಷ್ಠುರ ಮಾತುಗಾರನನ್ನ ಕೊಟ್ಟ ಕಸುಬಿದು. ಅದಕ್ಕೆ ಬುದ್ಧಿ ಹೇಳೋ ಮುಂಚೆ ನಾವು ಪ್ಯಾಂಟು ಮಡಚಿ ಒಮ್ಮೆಯಾದರೂ ಕೆಸರಿಗೆ ಇಳಿಯೋಣ. ಒಪ್ಪದವರು ಜಗಳಕ್ಕೆ ಬನ್ನಿ, ಲೆಕ್ಕ ಸಮೇತ!