ಬಿ.ಎಸ್ಸಿ. ಓದಿದ ಹುಡುಗಿ ಯಾಕ ಮಾತಾಡೂದಿಲ್ಲ?

ಅಕ್ಕಾರ, ವೈನ್ಯಾರ, ಓಣಿಯ ಗೆಳತ್ಯಾರ, ಈ ಸಲ ಹೂರಣ-ಹೋಳಿಗಿ ಸುದ್ದಿ ಅಲ್ಲ. ನಮ್ಮ ಸಣ್ಣಾಕಿ ಇಂಟರ್‌ವ್ಯೂ ಸುದ್ದಿ. ಅಕಿಯನ್ನ ಕೇಳೇ ಬರೀಲಿಕ್ಕ ಕೂತೀನಿ. "ಬರಿಯವ್ವ, ಆದ್ರ ನಾ ಅತ್ತಿದ್ದು ಭಾಳ ಬರೀಬ್ಯಾಡ" ಅಂದಾಳ. ಅದಕ್ಕ ಅದನ್ನ ಒಂದೇ ಸಾಲಿನಾಗ ಮುಗಸ್ತೀನಿ: ಅತ್ತಳು, ಊಟ ಬಿಟ್ಟಳು, ಮರುದಿನ ಎದ್ದು ಕಾಲೇಜಿಗೆ ಹೋದಳು.

ಆಗಿದ್ದು ಏನಂದ್ರ, ಅಕಿ ಬಿ.ಎಸ್ಸಿ. ಕಡೀ ವರ್ಷ, ರಸಾಯನಶಾಸ್ತ್ರ. ಮಾರ್ಕ್ಸ್‌ದಾಗ ಹಿಂದಿಲ್ಲ. ಒಂದು ಔಷಧಿ ಕಂಪನಿಯವರು ತಮ್ಮ ಲ್ಯಾಬಿಗೆ ಹುಡುಗರು ಬೇಕಂತ ಕಾಲೇಜಿಗೆ ಬಂದಿದ್ದರು. ಗುಳಿಗಿ, ಔಷಧಿ ಸರಿ ಅವನೋ ಇಲ್ಲೋ ಅಂತ ಪರೀಕ್ಷಾ ಮಾಡೋ ಕೆಲಸ. ಬರಿಯೋ ಪರೀಕ್ಷಾದಾಗ ಪಾಸಾದಳು. ಆಮ್ಯಾಲೆ ಮೂರು ಮಂದಿ ಎದುರಿಗೆ ಕೂಡಿಸಿ, ನಿನ್ನ ಕೈಲೆ ಮಾಡಿದ ಒಂದು ಪ್ರಯೋಗ ಹೇಳು ಅಂದರಂತ. ಇಕಿ ಪರ್ಮ್ಯಾಂಗನೇಟ್ ಟೈಟ್ರೇಷನ್ ಆರಿಸಿಕೊಂಡಳು. ಏಮ್, ಅಪಾರೇಟಸ್, ಪ್ರಿನ್ಸಿಪಲ್ ಅಂತ ರೆಕಾರ್ಡ್ ಬುಕ್ಕಿನಾಗ ಇದ್ದಂಗ ಶುರು ಮಾಡಿದಳು, ನಾವು ಸತ್ಯನಾರಾಯಣ ಪೂಜಾದ ಸಂಕಲ್ಪ ಹೇಳಿದಂಗ. ಅವರೊಳಗ ಒಬ್ಬರು ನಡುವ ತಡದು, ಆಕ್ಸಾಲಿಕ್ ಆಸಿಡ್ ಯಾಕ ಬಿಸಿ ಮಾಡ್ತಿ ಅಂತ ಕೇಳಿದರು. ಮುಗೀತು. ಬಾಯಿ ಕಟ್ಟಿತು. "ಸಾರಿ ಸರ್" ಅಂತ ಎದ್ದು ಬಂದಳು.

ಈಗ ನೋಡ್ರಿ, ನಾನೂ ಒಂದು ಕಾಲದಾಗ ಪಿ.ಯು.ಸಿ. ಸೈನ್ಸ್ ಓದಿದಾಕಿನ. ಮುಂದ ಲಗ್ನ ಆತು, ಅದು ಅಲ್ಲಿಗೇ ನಿಂತಿತು. ಆದ್ರ ಆ ಪ್ರಯೋಗ ಇನ್ನೂ ನೆನಪದ, ಯಾಕಂದ್ರ ಬಿಸಿ ಫ್ಲಾಸ್ಕ್ ಹಿಡದು ಬೆರಳು ಸುಟ್ಟುಕೊಂಡಿದ್ದೆ. ಅವತ್ತು ರಾತ್ರಿ ಭಾಂಡಿ ಬೆಳಗೋ ಮುಂದ ಸುಮ್ನ ಕೇಳಿದೆ, ಅಲ್ಲ, ಅದನ್ನ ಯಾಕ ಬಿಸಿ ಮಾಡ್ತಾರ? ಮೂಗು ಒರಿಸಿಕೋತನ ಹೇಳಿದಳು, "ಥಂಡಿ ಇದ್ರ ರಿಯಾಕ್ಷನ್ ಭಾಳ ಸಾವಕಾಶ ಆಗ್ತದವ್ವ. ಮೊದಲಿನ ಹನಿ ಬಿದ್ದ ಕೂಡಲೇ ಬಣ್ಣ ಹೋಗೂದೇ ಇಲ್ಲ. ನಾವು ಎಂಡ್ ಪಾಯಿಂಟ್ ಬಂತು ಅಂತ ತಪ್ಪು ತಿಳಕೋತೀವಿ. 60-70 ಡಿಗ್ರಿ ಕಾಸಿದ್ರ ಲಗೂನ ಆಗ್ತದ. ಒಮ್ಮೆ ಶುರು ಆತಂದ್ರ ಅದರಾಗ ತಯಾರಾಗೋ ಮ್ಯಾಂಗನೀಸ್ ತಾನೇ ಮುಂದಿನದಕ್ಕ ಜೋರು ಕೊಡ್ತದ." ಬ್ಯಾರೆ ಇಂಡಿಕೇಟರ್ ಯಾಕ ಬ್ಯಾಡ, ಬ್ಯೂರೆಟ್‌ನಾಗ ಬಣ್ಣ ಗಾಢ ಇರೂದಕ್ಕ ಕೆಳಗಿನ ಅಂಚು ಬಿಟ್ಟು ಮ್ಯಾಲಿನ ಅಂಚು ಯಾಕ ಓದಬೇಕು, ಎಲ್ಲಾ ಹೇಳಿದಳು. ಕೈಯಿಂದ ಅಳತಿ ಮಾಡಿ ತೋರಿಸಿದಳು.

ಇಷ್ಟೆಲ್ಲಾ ಗೊತ್ತಿದ್ದಾಕಿ ಅಲ್ಲಿ ಯಾಕ ಹೇಳಲಿಲ್ಲ ಅಂದೆ.

"ನನಗ ಇಷ್ಟು ವರ್ಷದಾಗ ಯಾರೂ ಹಿಂಗ ಯಾಕ ಅಂತ ಕೇಳೇ ಇಲ್ಲವ್ವ" ಅಂದಳು.

ಆ ರಾತ್ರಿ ನನಗ ನಿದ್ದಿ ಬರಲಿಲ್ಲ. ಕಾಲೇಜಿನವರ ಮ್ಯಾಲೆ ಸಿಟ್ಟು ಬಂತು. ಮೂರು ವರ್ಷ ರೆಕಾರ್ಡ್ ಬರಸ್ತಾರ, ವೈವಾ ಅಂತ ಎರಡು ನಿಮಿಷ ಕೇಳ್ತಾರ, ಅದೂ ಗೈಡಿನಾಗಿನ ಪ್ರಶ್ನಿ. ಆದ್ರ ಹೊಳ್ಳಿ ಮಲಗೋದ್ರೊಳಗ ಆ ಸಿಟ್ಟು ನನ್ನ ಕಡೇನ ತಿರುಗಿತು. ಮನಿಗೆ ಯಾರರೆ ಬಂದು, ಏನು ಓದ್ಲಿಕತ್ತೀವಾ ಅಂತ ಅಕಿಯನ್ನ ಕೇಳಿದ್ರ ಉತ್ತರ ಯಾರು ಕೊಡ್ತಿದ್ದರು? ನಾನು. "ಬಿ.ಎಸ್ಸಿ. ರೀ, ಕೆಮಿಸ್ಟ್ರಿ ರೀ, ಕಡೀ ವರ್ಷ ರೀ." ಅಕಿ ಬಾಗಲ ಹತ್ರ ನಿಂತು ನಗ್ತಿದ್ದಳು. ಸಣ್ಣಾಕಿ ಇದ್ದಾಗ ದೊಡ್ಡವರ ನಡುವ ಬಾಯಿ ಹಾಕಿದ್ರ ಕಣ್ಣು ತಗದು ನೋಡಿದಾಕಿ ನಾನು. "ಹೆಣ್ಣಹುಡುಗಿ, ಎಷ್ಟು ಮಾತು" ಅಂದಾಕಿ ನಾನು. ಇಪ್ಪತ್ತು ವರ್ಷ ಮುಚ್ಚಿಸಿದ ಬಾಯಿಯನ್ನ ಇಪ್ಪತ್ತು ನಿಮಿಷದ ಇಂಟರ್‌ವ್ಯೂದಾಗ ತೆರಿ ಅಂದ್ರ ಹೆಂಗ ತೆರೀತದ?

ಇದು ನಮ್ಮ ಮನಿ ಒಂದರ ಕಥಿ ಅಂತ ನನಗ ಅನಿಸೂದಿಲ್ಲ. ನಿಮ್ಮ ನಿಮ್ಮ ಮನಿ ನೆನಸಿಕೊಳ್ರಿ.

ಇನ್ನ ಖರ್ಚಿನ ಮಾತು. ಎಲ್ಲಾರೂ ಹೇಳಿದ್ದು ಒಂದೇ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹಾಕ್ರಿ. ಹಾಕಿದ್ವಿ. 45 ದಿನಕ್ಕ 12,000 ರೂಪಾಯಿ. ಅಲ್ಲಿ ಏನು ಕಲಿಸಿದರಂದ್ರ, ನನ್ನ ಹೆಸರು ಇದು, ನನ್ನ ಊರು ಇದು, ನನ್ನ ಹವ್ಯಾಸ ಸಂಗೀತ ಕೇಳೋದು, ನನ್ನ ಬಲ ಕಷ್ಟಪಟ್ಟು ದುಡಿಯೋದು, ನನ್ನ ದೌರ್ಬಲ್ಯ ಅಂದ್ರ ಎಲ್ಲಾರನ್ನೂ ಲಗೂ ನಂಬೋದು. ಮೂವತ್ತು ಹುಡುಗರಿಗೆ ಇದೇ ಹವ್ಯಾಸ, ಇದೇ ದೌರ್ಬಲ್ಯ! ಮತ್ತೊಂದು ಬಾಯಿಪಾಠ. ಪ್ರಯೋಗಾಲಯದ ಬಗ್ಗೆ ಒಂದು ಮಾತಿಲ್ಲ. ಇಂಗ್ಲಿಷ್ ಬ್ಯಾಡ ಅಂತ ನಾ ಹೇಳೂದಿಲ್ಲ, ಅದಕ್ಕ ಆಮ್ಯಾಲೆ ಬರ್ತೀನಿ. ಆದ್ರ ಹೇಳೂದಕ್ಕ ವಿಷಯ ಇಲ್ಲದ ಬಾಯಿಗೆ ಇಂಗ್ಲಿಷ್ ಕೊಟ್ಟು ಏನು ಉಪಯೋಗ?

ನಾವು ಮಾಡಿದ್ದು ಇಷ್ಟ. ಸಂಜಿ ಮುಂದ ನಾ ರೊಟ್ಟಿ ಬಡಿಯೋ ಹೊತ್ತಿನಾಗ ಅಕಿ ಅಡಿಗಿಮನ್ಯಾಗ ಬಂದು ಕೂಡಬೇಕು. ಅವತ್ತು ಕಾಲೇಜಿನಾಗ ಏನು ಮಾಡಿದಳು ಅದನ್ನ ನನಗ ತಿಳಿಯೂ ಹಂಗ ಹೇಳಬೇಕು. ನಾ ಎಷ್ಟು ಸಲ ಬೇಕಾದ್ರೂ ಯಾಕ ಅಂತ ಕೇಳಬಹುದು. ಗೊತ್ತಿಲ್ಲದಿದ್ರ "ಗೊತ್ತಿಲ್ಲ, ನಾಳೆ ನೋಡಿ ಹೇಳ್ತೀನಿ" ಅನ್ನಬೇಕು, ಹಾರಿಸಬಾರದು. ಮೊದಲಿನ ವಾರ ಭಾಳ ಜಗಳ ಆದವು. "ಅವ್ವ, ನಿನಗ ಇದು ತಿಳಿಯೂದಿಲ್ಲ" ಅಂತಿದ್ದಳು. ತಿಳಿಯೂ ಹಂಗ ಹೇಳೂದೇ ನಿನ್ನ ಕೆಲಸ ಅಂತಿದ್ದೆ. ಒಂದು ದಿನ ಮಾತಿನ ಭರದಾಗ ಎರಡು ರೊಟ್ಟಿ ಹೊತ್ತಿ ಕರ್ರಗಾದವು.

ಇಂಡಿಕೇಟರ್ ಅಂದ್ರ ಏನು ಅಂತ ಒಂದು ದಿನ ಕೇಳಿದೆ. ಮೊದಲು ಪುಸ್ತಕದ ಮಾತೇ ಬಂತು. ನನಗ ತಿಳೀಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ನ ಕೂತಳು, ಆಮ್ಯಾಲೆ ಎದ್ದು ಒಂದು ವಾಟಗದಾಗ ನೀರು ತಗೊಂಡು ಅರಿಷಿಣ ಕಲಿಸಿದಳು, ದೇವರ ಮನ್ಯಾಗಿನ ಡಬ್ಬಿಯಿಂದ ಚಿಟಿಕಿ ಸುಣ್ಣ ಹಾಕಿದಳು. ಕೆಂಪಾತು. "ನೀ ಆರತಿ ತಾಟಿಗೆ ದಿನಾ ಇದನ್ನೇ ಮಾಡ್ತಿಯಲ್ಲ, ಇದೇ ಇಂಡಿಕೇಟರ್. ಸುಣ್ಣ ಕ್ಷಾರ, ಅದು ಬಂತು ಅಂತ ಅರಿಷಿಣ ಬಣ್ಣ ಬದಲಿಸಿ ಹೇಳ್ತದ. ಈಗ ಲಿಂಬಿಹಣ್ಣು ಹಿಂಡು" ಅಂದಳು. ಹಿಂಡಿದೆ. ಹೊಳ್ಳಿ ಹಳದಿ! ಪಲ್ಯದ ಕಲೆ ಬಿದ್ದ ಸೀರಿಗೆ ಸಾಬಾಣ ಹಚ್ಚಿದ್ರ ಕೆಂಪಗ ಆಗೂದೂ ಇದಕ್ಕೇ ಅಂತ. ಮೂವತ್ತು ವರ್ಷ ಆರತಿ ಮಾಡೀನಿ, ಸೀರಿ ಒಗದೀನಿ, ಎರಡನ್ನೂ ಕೂಡಿಸಿ ಎಂದೂ ನೋಡಿರಲಿಲ್ಲ. ಅವತ್ತು ಅಕಿ ಮುಖದ ಮ್ಯಾಲೆ ಇದ್ದ ಖುಷಿ, ಪರೀಕ್ಷಾದಾಗ ಫಸ್ಟ್ ಕ್ಲಾಸ್ ಬಂದಾಗೂ ಇರಲಿಲ್ಲ.

ಹಿಂಗ ಮಾಡೂದು ಏನು ಹೊಸದಲ್ಲ ಅಂತ ಅಕಿನ ಒಂದು ಕಥಿ ಹೇಳಿದಳು. ಮೈಕೆಲ್ ಫ್ಯಾರಡೆ ಅಂತ ವಿಜ್ಞಾನಿ, ಕಮ್ಮಾರನ ಮಗ. ಲಂಡನ್ನಿನಾಗ ಪುಸ್ತಕಕ್ಕ ರಟ್ಟು ಹಾಕೋ ಅಂಗಡ್ಯಾಗ ಕೆಲಸಕ್ಕಿದ್ದ. 1812ರಾಗ ಹಂಫ್ರಿ ಡೇವಿ ಅನ್ನೋ ದೊಡ್ಡ ವಿಜ್ಞಾನಿಯ ಉಪನ್ಯಾಸ ಕೇಳಲಿಕ್ಕ ಹೋಗಿ, ಕೇಳಿದ್ದನ್ನೆಲ್ಲಾ ಚಿತ್ರದ ಸಮೇತ ಬರದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಮರುವರ್ಷ ಅವರ ಲ್ಯಾಬಿನಾಗ ಸಹಾಯಕನ ಕೆಲಸ ಸಿಕ್ಕಿತು. ಅವನ ಹತ್ರ ಡಿಗ್ರಿ ಇರಲಿಲ್ಲ, ಆ ಪುಸ್ತಕನ ಅವನ ಬಯೋಡೇಟಾ ಅನ್ನಬಹುದು. ನನಗ ಭಾಳ ಹಿಡಿಸಿದ್ದು ಮುಂದಿನ ಮಾತು. ಜನರ ಎದುರು ಮಾತಾಡೂದು ಹೆಂಗ ಅಂತ ಅವನು ಒಬ್ಬ ಮಾಸ್ತರ ಹತ್ರ ಪಾಠ ಹೇಳಿಸಿಕೊಂಡನಂತ. ಇಂಗ್ಲಿಷ್ ಅವನ ತಾಯಿಭಾಷಾ! ಆದ್ರೂ ಮಾತಾಡೂದು ಬ್ಯಾರೆ ಕಲೀಬೇಕಾತು. ಆಮ್ಯಾಲೆ ಸಣ್ಣ ಹುಡುಗರಿಗೆ ಒಂದು ಮೇಣಬತ್ತಿ ಹಚ್ಚಿಟ್ಟು ಅದು ಯಾಕ ಉರೀತದ, ಹೆಂಗ ಉರೀತದ ಅಂತ ಉಪನ್ಯಾಸಗಳನ್ನ ಕೊಟ್ಟ. ಆ ಕ್ರಿಸ್‌ಮಸ್ ಉಪನ್ಯಾಸ 1825ರಾಗ ಶುರು ಆದದ್ದು ಇನ್ನೂ ನಡೀತಾವ. ನಮ್ಮ ಕಡೆ ಬಿ.ಜಿ.ಎಲ್. ಸ್ವಾಮಿಯವರಿಲ್ಲೇನು? ಗಿಡ-ಮರದ ಪ್ರೊಫೆಸರ್ರು, ಹಸುರು ಹೊನ್ನು ಬರದು 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡರು. ಗ್ರಂಥಾಲಯದಿಂದ ತಂದು ಅದನ್ನ ಇಬ್ಬರೂ ಓದಿದ್ವಿ. ವಿದ್ಯಾರ್ಥಿಗಳನ್ನ ಕಾಡಿಗೆ ಕರಕೊಂಡು ಹೋಗಿ ಗಿಡ ತೋರಸ್ತ ನಗಸ್ತಾರ, ಅದರ ಜೋಡಿನ ಪಾಠ ಆಗಿರ್ತದ.

ಇನ್ನೊಂದು ಮಾತು, ಇದು ಸ್ವಲ್ಪ ಖಾರ ಅನಿಸಬಹುದು. ನಮ್ಮ ತಂಗಿ ಮಗ ಇಂಥದ್ದೇ ಒಂದು ಔಷಧಿ ಲ್ಯಾಬಿನಾಗ ಅದಾನ. ಅವನು ಹೇಳಿದ್ದು: ಅಲ್ಲಿ ರೀಡಿಂಗ್ ಬಂದ ಕೂಡಲೇ ಪೆನ್ನಿಲೆ ಬರೀಬೇಕು. ತಪ್ಪಾದ್ರ ಅಳಸೋ ಹಂಗಿಲ್ಲ, ವೈಟ್ನರ್ ಹಚ್ಚೋ ಹಂಗಿಲ್ಲ. ಹಳೇದು ಕಾಣೋ ಹಂಗ ಒಂದೇ ಗೆರಿ ಹೊಡದು, ಬಾಜೂಕ ಸರಿ ಮಾಡಿ, ಸಹಿ ಮತ್ತ ತಾರೀಖು ಹಾಕಬೇಕು. ನಮ್ಮ ಹುಡುಗ್ಯಾರಿಗೆ ಕಾಲೇಜಿನಾಗ ಏನು ರೂಢಿ ಆಗಿರ್ತದ? ಚೀಟಿ ಮ್ಯಾಲೆ ಬರಕೊಂಡು ಮನಿಗೆ ಬಂದು ಚಂದಾಗಿ ಕಾಪಿ ಮಾಡೂದು. ಉತ್ತರ ಸರಿ ಬರಲಿಲ್ಲಂದ್ರ ಬಾಜೂ ಟೇಬಲ್ಲಿನಾಕಿ ರೀಡಿಂಗ್ ಇಸಕೊಳ್ಳೂದು. ನಮ್ಮಾಕಿನೂ ಮಾಡ್ಯಾಳ, ಕೇಳಿದ್ರ ಒಪ್ಪಿಕೊಂಡಳು. ನಾನೂ ಪಿ.ಯು.ಸಿ.ದಾಗ ಮಾಡೀನಿ, ಅದನ್ನೂ ಇಲ್ಲೇ ಒಪ್ಪಿಕೋತೀನಿ. ತನ್ನದಲ್ಲದ ರೀಡಿಂಗ್ ಬರದ ಪ್ರಯೋಗದ ಮ್ಯಾಲೆ ಯಾರರೆ ಯಾಕ ಅಂತ ಕೇಳಿದ್ರ ಬಾಯಿ ಕಟ್ಟೂದು ಸಹಜ ಅಲ್ಲೇನು? ಈಗ ಅಕಿ ಬಂದದ್ದನ್ನ ಬಂದಂಗ ಬರೀತಾಳ. ಒಂದು ಸಲ ತಪ್ಪು ಉತ್ತರ ಬಂದು ಮಾರ್ಕ್ಸ್ ಹೋದವು. ಹೋಗಲಿ. ಯಾಕ ತಪ್ಪಾತು ಅಂತ ಅವತ್ತು ರೊಟ್ಟಿ ಮುಂದ ಕೂತು ಹುಡುಕಿದಳು. ಪಿಪೆಟ್ಟಿನ ಕಡೀ ಹನಿ ಊದಿ ಕೆಡವಿದ್ದಳಂತ. ಅದನ್ನ ಊದಬಾರದು, ತುದಿಯಾಗ ಅಷ್ಟು ಉಳಿಯೂದನ್ನ ಲೆಕ್ಕ ಹಿಡದೇ ಅದರ ಮ್ಯಾಲೆ ಗುರುತು ಹಾಕಿರ್ತಾರ.

ಬಯೋಡೇಟಾನೂ ತಿದ್ದಿದ್ವಿ. ಮೂರು ಪುಟ ಇದ್ದದ್ದು ಒಂದು ಪುಟ ಆತು. ಸಂಗೀತ ಕೇಳೋದು ಹೋತು. ಯಾವ ಯಾವ ಉಪಕರಣ ತಾನೇ ಮುಟ್ಟಿ ನಡಸ್ಯಾಳ, ಪ್ರಾಜೆಕ್ಟಿನಾಗ ತನ್ನ ಪಾಲಿನ ಕೆಲಸ ಯಾವುದು, ಅಷ್ಟ ಉಳೀತು. ಮನಿ ಖರ್ಚಿನ ಲೆಕ್ಕ ಈಗ ಅಕಿ ಕಂಪ್ಯೂಟರಿನಾಗ ಎಕ್ಸೆಲ್‌ದಾಗ ಇಡ್ತಾಳ, ಹಾಲಿನವನ ಲೆಕ್ಕದ್ದು ಗ್ರಾಫ್ ತಗದು ತೋರಿಸಿದಳು. (ಹಾಲಿಗೆ ಅಷ್ಟು ಹೋಗ್ತದಂತ ಗೊತ್ತಾಗಿ ನಮ್ಮವರು ಚಹಾ ಕಡಿಮಿ ಮಾಡ್ಯಾರ, ಅದು ಬ್ಯಾರೆ ಮಾತು.) ಗ್ಯಾಸಿನ ಆಫೀಸಿಗೆ, ಬ್ಯಾಂಕಿಗೆ ಅಕಿನ ಹೋಗ್ತಾಳ. ಮೊದಲಿನ ಸಲ ಬ್ಯಾಂಕಿನಾಗ ಕೌಂಟರಿನವರು ಗದರಿಸಿದ್ದಕ್ಕ ಹೊಳ್ಳಿ ಬಂದಳು. ನಾ ಜೋಡಿ ಹೋಗಲಿಲ್ಲ. ಹೋಗಬೇಕನಿಸಿತ್ತು, ಚಪ್ಪಲಿನೂ ಹಾಕಿಕೊಂಡಿದ್ದೆ.

ಇಂಗ್ಲಿಷಿಗೆ ಬರ್ತೀನಿ ಅಂದಿದ್ದೆ. ಬಾಜೂಮನಿ ವೈನಿ ಹೇಳ್ತಾರ, "ನೀವು ಕನ್ನಡದಾಗ ಎಷ್ಟು ಹೇಳಿಸಿದ್ರ ಏನ್ರಿ, ಅಲ್ಲಿ ಕೇಳೂದು ಇಂಗ್ಲಿಷಿನಾಗ." ಖರೇ ಅದ. ಅವರ ಮಾತು ತಗದು ಹಾಕೂ ಹಂಗಿಲ್ಲ. ಲ್ಯಾಬಿನ ವರದಿ, ಮೇಲ್, ಇಂಟರ್‌ವ್ಯೂ ಎಲ್ಲಾ ಇಂಗ್ಲಿಷ್. ಅದಕ್ಕ ಈಗ ನಾವು ಹಿಂಗ ಮಾಡೀವಿ: ರೊಟ್ಟಿ ಬಡಿಯೋ ಮುಂದ ನನಗ ಕನ್ನಡದಾಗ, ಊಟ ಆದ ಮ್ಯಾಲೆ ಅದನ್ನೇ ಫೋನಿನಾಗ ರೆಕಾರ್ಡ್ ಮಾಡಿಕೊಂಡು ಇಂಗ್ಲಿಷಿನಾಗ. ತನ್ನ ಧ್ವನಿ ತಾನೇ ಕೇಳಿ ಮೊದಲು ನಾಚಿಕೊಂಡಳು, ಈಗ ತಾನೇ ತಿದ್ದಿಕೋತಾಳ. ವ್ಯಾಕರಣ ಅಲ್ಲಲ್ಲಿ ತಪ್ಪತದ. ಆದ್ರ ಕನ್ನಡದಾಗ ಸ್ಪಷ್ಟ ಇದ್ದದ್ದು ಇಂಗ್ಲಿಷಿಗೆ ಹೋದಾಗೂ ದಾರಿ ತಪ್ಪೂದಿಲ್ಲ, ಇದನ್ನ ನಾ ಕಿವಿಯಾರೆ ಕೇಳೀನಿ. ಕನ್ನಡದಾಗ ತಡವರಿಸಿದ್ದು ಇಂಗ್ಲಿಷಿನಾಗ ಪೂರ್ತಿ ನಿಲ್ತದ.

ಕೆಲಸ ಸಿಕ್ಕಿತೇನು ಅಂತ ಕೇಳ್ತೀರಿ, ಗೊತ್ತದ. ಇನ್ನೂ ಇಲ್ಲ. ಹೋದ ತಿಂಗಳು ಮತ್ತೊಂದು ಕಡೆ ಹೋಗಿದ್ದಳು. ಅರ್ಧ ತಾಸು ಮಾತಾಡಿಸಿದರಂತ. ಒಂದು ಪ್ರಶ್ನಿಗೆ "ಇದು ನನಗ ಗೊತ್ತಿಲ್ಲ, ಆದ್ರ ಹಿಂಗ ಮಾಡಿ ನೋಡಿದ್ರ ಗೊತ್ತಾಗಬಹುದು" ಅಂತ ಹೇಳಿ ಬಂದಾಳ. ಅವರು ತಿಳಸ್ತೀವಿ ಅಂದಾರ. ಎಲ್ಲಾರಿಗೂ ಹಂಗ ಅಂತಿರ್ತಾರ ಅಂತ ಅಕಿನ ನನಗ ಸಮಾಧಾನ ಹೇಳಿದಳು.

ಮೊನ್ನೆ ಐತವಾರ ನಮ್ಮವರ ಕಾಕಾ ಬಂದಿದ್ದರು. ಕೂತವರ ಕನ್ನಡಕ ಸರಿ ಮಾಡಿಕೊಂಡು, "ಏನವಾ, ಏನು ಓದ್ಲಿಕತ್ತಿ? ಅದನ್ನ ಓದಿ ಏನಾಗ್ತದ?" ಅಂತ ಕೇಳಿದರು. ನನ್ನ ಬಾಯಿ ತನ್ನಿಂದ ತಾನೇ ತೆರೀತು. ಅಕಿ ನನ್ನ ಕಡೆ ನೋಡಿದಳು. ಚಹಾ ಉಕ್ಕಿತು ಅಂತ ಸುಳ್ಳು ಹೇಳಿ ನಾ ಒಳಗ ಹೋದೆ. ಒಲಿ ಹಚ್ಚಿರಲೇ ಇಲ್ಲ. ಹೊರಗ ಅಕಿ ಕಾಕಾಗೆ ಅವರದೇ ಬಿ.ಪಿ. ಗುಳಿಗಿ ಪಾಕೀಟು ಕೈಯಾಗ ಹಿಡದು, ಇದು ಅಂಗಡಿಗೆ ಬರೋಕಿಂತ ಮೊದಲು ಯಾರು ಯಾರು ಹೆಂಗ ಪರೀಕ್ಷಾ ಮಾಡಿರ್ತಾರ ಅಂತ ಹೇಳ್ಲಿಕತ್ತಿದ್ದಳು. ಕಾಕಾ ನಡುನಡುವ "ಯಾಕ?" ಅಂತಿದ್ದರು.